ಮೊದಲು ಪಾದ, ಆಮೇಲೆ ಬ್ಲೇಡ್

ಪ್ರಶ್ನೆ: ನನಗೆ 31 ವರ್ಷ, ತೂಕ 52 ಕಿಲೋ. ಊರು ಕುಂದಾಪುರ, ಕೆಲಸ ಬೆಂಗಳೂರಿನಲ್ಲಿ. ಎರಡು ವರ್ಷದ ಹಿಂದೆ ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದ್ದೆ. ಕಳೆದ ಫೆಬ್ರವರಿಯಲ್ಲಿ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಫ್ರೀಡೈವಿಂಗ್‌ನ ಮೊದಲ ಹಂತದ ತರಬೇತಿ ಮುಗಿಸಿದೆ; ಸಿಲಿಂಡರ್ ಇಲ್ಲದೆ ಒಂದೇ ಉಸಿರಿನಲ್ಲಿ ಮುಳುಗಿ ಬರುವ ಆಟ ಅದು. ಅಲ್ಲಿ ಕೊಟ್ಟ 38–39 ಅಳತೆಯ ಉದ್ದ ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಸಡಿಲವಾಗಿದ್ದರಿಂದ ಎರಡು ಜೊತೆ ಸಾಕ್ಸ್ ಹಾಕಿಕೊಂಡೆ. ಆದರೂ 12 ಮೀಟರಿನಿಂದ ಮೇಲೆ ಬರುವಾಗ ಎಡ ಅಂಗಾಲು ಹಿಡಿದುಕೊಂಡು ತುಂಬಾ ಹೆದರಿದೆ. ಈಗ ಸ್ವಂತದ್ದು ಕೊಳ್ಳಬೇಕು. ಫಿನ್ನಿನ ಉದ್ದ ಹಲಗೆ, ಅಂದರೆ ಬ್ಲೇಡ್, ಕಾರ್ಬನ್ ಫೈಬರಿನದೇ ತೆಗೆದುಕೊಳ್ಳಿ ಎಂದು ಒಬ್ಬರು, ಕಾಲಿಗೆ ಬಲ ಬರಬೇಕಾದರೆ ಗಡಸು ಬ್ಲೇಡ್ ಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ಹೆಂಗಸರಿಗೆಂದೇ ಮಾಡಿದ ಫಿನ್ ಸಿಗುತ್ತದೆಯೇ? ನನ್ನ ಪಾದದ ಉದ್ದ 22.8 ಸೆಂ.ಮೀ., ಮುಂಭಾಗ ಅಗಲ. ಕಾಲುಂಗುರ ತೆಗೆಯಬೇಕೇ?

ಉತ್ತರ: ನಿಮ್ಮ ಅಂಗಾಲು ಹಿಡಿದುಕೊಂಡಿದ್ದಕ್ಕೆ ಕಾಲಿನಲ್ಲಿ ಬಲ ಇಲ್ಲದಿರುವುದು ಕಾರಣವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಬಹುತೇಕರು ಸೆಳೆತ ಬಂದ ಕೂಡಲೇ ತಪ್ಪನ್ನು ತಮ್ಮ ಮೇಲೆಯೇ ಹೊತ್ತುಕೊಳ್ಳುತ್ತಾರೆ. ಫಿನ್ ಸಡಿಲವಾಗಿದ್ದಾಗ ಅದು ಜಾರಿಹೋಗದಂತೆ ಹಿಡಿದುಕೊಳ್ಳಲು ಕಾಲ್ಬೆರಳುಗಳು ನಮಗೆ ಗೊತ್ತಿಲ್ಲದೆಯೇ ಒಳಕ್ಕೆ ಮಡಚಿಕೊಳ್ಳುತ್ತವೆ, ಸಡಿಲ ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಹತ್ತುವಾಗ ಮಡಚಿಕೊಳ್ಳುವ ಹಾಗೆ. ಫ್ರೀಡೈವಿಂಗ್‌ನಲ್ಲಿ ಪಾದವನ್ನು ನೀಳವಾಗಿ ಚಾಚಿರುತ್ತೇವೆ, ಅಂದರೆ ಅಂಗಾಲಿನ ಸ್ನಾಯುಗಳು ಆಗಲೇ ಕುಗ್ಗಿರುತ್ತವೆ. ಕುಗ್ಗಿದ ಸ್ನಾಯುವಿಗೆ ಬಿಡುವಿಲ್ಲದೆ ಹಿಡಿಯುವ ಕೆಲಸ ಕೊಟ್ಟರೆ ಅದು ಗಂಟುಕಟ್ಟುತ್ತದೆ. ಫಿನ್ ತೀರಾ ಬಿಗಿಯಾದರೂ ಸೆಳೆತ ಬರುತ್ತದೆ, ನಿಜ. ಆದರೆ ನಮ್ಮ ಹೆಂಗಸರಲ್ಲಿ ನಾನು ಹೆಚ್ಚಾಗಿ ಕಂಡಿರುವುದು ದೊಡ್ಡ ಫಿನ್ನಿನಿಂದ ಬರುವ ಸೆಳೆತವನ್ನೇ.

ನಾನೂ ಇದನ್ನು ಅನುಭವಿಸಿದ್ದೇನೆ. ನನ್ನ ಪಾದ 36ರ ಅಳತೆಯದು. ಮೊದಲ ಫಿನ್ ಕೊಳ್ಳುವಾಗ ಅಂಗಡಿಯವರು 38–39 ತೋರಿಸಿ, ದಪ್ಪ ಸಾಕ್ಸ್ ಹಾಕಿದರೆ ಸರಿಹೋಗುತ್ತದೆ ಎಂದರು. ನಂಬಿ ತಂದೆ. ಮೇಲ್ಮಟ್ಟದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. 15 ಮೀಟರಿನಲ್ಲಿ ತಿರುಗಿ ಮೊದಲ ಒದೆತ ಕೊಟ್ಟಾಗ ಹಿಮ್ಮಡಿ ರಬ್ಬರಿನೊಳಗೆ ಮೇಲಕ್ಕೆದ್ದು ಮತ್ತೆ ಕುಳಿತಿದ್ದು ಸ್ಪಷ್ಟವಾಗಿ ಗೊತ್ತಾಯಿತು. ಪ್ರತಿ ಒದೆತದಲ್ಲೂ ಅದೇ. ಕಾಲು ಹೊರಟ ಮೇಲೆ ಒಂದು ಕ್ಷಣ ತಡವಾಗಿ ಬ್ಲೇಡ್ ಹೊರಡುತ್ತಿತ್ತು. ಮೇಲೆ ಬಂದಾಗ ತೊಡೆಗಳು ಉರಿಯುತ್ತಿದ್ದವು.

ಆ ಸಾಕ್ಸ್ ಏಕೆ ಕೈಕೊಟ್ಟಿತು ಎಂಬುದನ್ನು ತಿಳಿದುಕೊಳ್ಳಿ, ನಿಮಗೂ ಆದದ್ದು ಅದೇ. ಈ ಸಾಕ್ಸ್ ಮಾಡುವುದು ನಿಯೋಪ್ರೀನ್‌ನಿಂದ, ಅಂದರೆ ಒಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ರಬ್ಬರಿನಿಂದ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡು ಪಟ್ಟಾಗಿ ಆ ಗುಳ್ಳೆಗಳ ಗಾತ್ರ ಅರ್ಧಕ್ಕೆ ಬರುತ್ತದೆ. 20 ಮೀಟರಿನಲ್ಲಿ ಮೂರನೇ ಒಂದು ಭಾಗವಷ್ಟೇ ಉಳಿಯುತ್ತದೆ. ದಡದಲ್ಲಿ ಪಾದವನ್ನು ಭದ್ರವಾಗಿ ತುಂಬಿಕೊಂಡಿದ್ದ ಸಾಕ್ಸ್ ಆಳದಲ್ಲಿ ತೆಳುವಾಗಿ, ಮುಚ್ಚಿಟ್ಟಿದ್ದ ಸಡಿಲು ಅಲ್ಲಿ ಬಯಲಾಗುತ್ತದೆ. ಅದೂ ಎಲ್ಲಕ್ಕಿಂತ ಹೆಚ್ಚು ಬಲ ಬೇಕಾದ, ಕೆಳಗಿನಿಂದ ಮೇಲಕ್ಕೆ ಹೊರಡುವ ಮೊದಲ ಒದೆತಗಳಲ್ಲಿ. ಆದ್ದರಿಂದ ಸಾಕ್ಸ್ ಇರುವುದು ಚರ್ಮ ಉಜ್ಜದಂತೆ ಕಾಪಾಡುವುದಕ್ಕೆ, ಅಳತೆ ತುಂಬಿಸುವುದಕ್ಕಲ್ಲ. ಅಂಡಮಾನಿನಲ್ಲಾಗಲಿ ನೇತ್ರಾಣಿಯ ಸುತ್ತಲಾಗಲಿ ನೀರು ಬೆಚ್ಚಗಿರುತ್ತದೆ. ಒಂದೂವರೆ ಅಥವಾ ಎರಡು ಮಿಲಿಮೀಟರಿನ ಒಂದೇ ಜೊತೆ ಸಾಕು.

ಈಗ ಅಳತೆಯ ವಿಷಯ. ಫಿನ್ನಿನಲ್ಲಿ ಪಾದ ಕೂರುವ ರಬ್ಬರಿನ ಭಾಗಕ್ಕೆ ಫುಟ್‌ಪಾಕೆಟ್ ಎನ್ನುತ್ತಾರೆ. ನೇತ್ರಾಣಿಯ ದೋಣಿಯಲ್ಲಿ ನೀವು ಹಾಕಿಕೊಂಡದ್ದು ಹಿಮ್ಮಡಿಯ ಹಿಂದೆ ಪಟ್ಟಿ ಎಳೆದು ಬಿಗಿಯುವ ಜಾತಿಯದಿರಬೇಕು. ಸ್ಕೂಬಾ ದೋಣಿಗಳಲ್ಲಿ ಅದೇ ಹೆಚ್ಚು, ಅದರಲ್ಲಿ ಒಂದೇ ಜೊತೆ ಹತ್ತು ಜನರಿಗೆ ಆಗುತ್ತದೆ. ಸಿಲಿಂಡರ್ ಹೊತ್ತವರನ್ನು ನಿಧಾನವಾಗಿ ಮುಂದೂಡಲು ಮಾಡಿದ ಗಿಡ್ಡ ಫಿನ್ ಅದು, ಒಂದೇ ಉಸಿರಿನಲ್ಲಿ ಇಳಿದು ಬರುವವರಿಗೆ ಹೇಳಿದ್ದಲ್ಲ. ನಮ್ಮ ಉದ್ದ ಫಿನ್ನಿನಲ್ಲಿ ಪಟ್ಟಿ ಇಲ್ಲ. ರಬ್ಬರ್ ಇಡೀ ಪಾದವನ್ನು ಸುತ್ತಿ ಹಿಡಿಯುತ್ತದೆ. ಹಿಡಿತ ಅಷ್ಟರಿಂದಲೇ ಬರಬೇಕು.

ಈ ಫಿನ್‌ಗಳ ಅಳತೆ ಯುರೋಪಿನ ಲೆಕ್ಕದ್ದು, ಸಾಮಾನ್ಯವಾಗಿ ಎರಡೆರಡು ಸಂಖ್ಯೆ ಸೇರಿಸಿ ಹೇಳುತ್ತಾರೆ: 36–37, 38–39, 40–41 ಹೀಗೆ. ನಿಮ್ಮ 22.8 ಸೆಂ.ಮೀ. ಪಾದಕ್ಕೆ ಸರಿಹೊಂದುವುದು 36–37. ಇಲ್ಲಿನ ಅಂಗಡಿಗಳಲ್ಲಿ ನೀವು 4ನೇ ನಂಬರಿನ ಚಪ್ಪಲಿ ಕೊಳ್ಳುವವರಿರಬೇಕು. ನಿಮ್ಮ ತರಬೇತಿ ಶಾಲೆ ಕೊಟ್ಟದ್ದು ಒಂದು ಇಡೀ ಅಳತೆ ದೊಡ್ಡದು. ಅವರ ಬಳಿ ಅದಕ್ಕಿಂತ ಚಿಕ್ಕದು ಇರಲಿಲ್ಲವೆಂದು ಕಾಣುತ್ತದೆ. ಇದಕ್ಕೆ ಹಿನ್ನೆಲೆಯಿದೆ. ಉದ್ದ ಬ್ಲೇಡಿನ ಫಿನ್ ಬೆಳೆದದ್ದು ಮೆಡಿಟರೇನಿಯನ್ ಸಮುದ್ರದಲ್ಲಿ ಉಸಿರು ಹಿಡಿದು ಮುಳುಗಿ ಈಟಿಕೋವಿಯಿಂದ ಮೀನು ಹೊಡೆಯುವವರ ನಡುವೆ. ಕ್ರೆಸ್ಸಿ, ಮಾರೆಸ್, ಓಮರ್‌ನಂಥ ಇಟಲಿಯ ಹೆಸರುಗಳು, ಫ್ರಾನ್ಸಿನ ಬೂಶಾ, ಎಲ್ಲವೂ ಆ ತೀರಗಳಿಂದಲೇ ಬಂದವು. ಆ ಬೇಟೆಗಾರರಲ್ಲಿ ಹೆಚ್ಚಿನವರು ಗಂಡಸರು, ಅಚ್ಚುಗಳೂ ಅವರ ಪಾದಕ್ಕೆ ತಕ್ಕಂತೆ ಬಂದವು. ಇಂದಿಗೂ ಕೆಲವು ಮಾದರಿಗಳಲ್ಲಿ 38–39ಕ್ಕಿಂತ ಚಿಕ್ಕದು ಸಿಗುವುದೇ ಇಲ್ಲ.

ಹೆಂಗಸರಿಗೆಂದೇ ಮಾಡಿದ್ದು ಸಿಗುತ್ತದೆಯೇ ಎಂದು ಕೇಳಿದ್ದೀರಿ. ಹಾಗೆ ಹೆಸರಿಟ್ಟು ಮಾರುವುದನ್ನು ನೋಡಿದರೆ ಮೊದಲು ಅಳತೆಪಟ್ಟಿ ನೋಡಿ. ಅನೇಕ ಸಲ ಬದಲಾಗಿರುವುದು ಬಣ್ಣ ಮಾತ್ರ. ಫುಟ್‌ಪಾಕೆಟ್ 36–37ರಲ್ಲಿ ಇದೆಯೇ, ಅದರ ಜೊತೆ ಮೆದು ಬ್ಲೇಡ್ ಕೊಡುತ್ತಾರೆಯೇ, ಈ ಎರಡು ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಹೆಸರು ಏನೇ ಇರಲಿ, ಅದು ನಿಮಗೆ ಆಗುವ ಫಿನ್.

ಉದ್ದವೊಂದೇ ಸಾಲದು. ಬರಿಗಾಲಿನಲ್ಲೂ ಚಪ್ಪಲಿಯಲ್ಲೂ ಓಡಾಡಿ ಬೆಳೆದ ನಮ್ಮ ಪಾದಗಳ ಮುಂಭಾಗ ಹರಡಿಕೊಂಡಿರುತ್ತದೆ, ಹಿಮ್ಮಡಿ ಕಿರಿದು. ನೀವು ಬರೆದದ್ದೂ ಅದನ್ನೇ. ಸಂಜೆ ಹೊತ್ತು, ದಿನವಿಡೀ ಓಡಾಡಿದ ಮೇಲೆ, ಗೋಡೆಗೆ ಹಿಮ್ಮಡಿ ಒತ್ತಿ ಕಾಗದದ ಮೇಲೆ ನಿಂತು ಅಳೆಯಿರಿ. ಕುಳಿತು ಅಳೆದರೆ ಪಾದ ಚಿಕ್ಕದಾಗಿ ಕಾಣುತ್ತದೆ. ಎರಡೂ ಪಾದಗಳನ್ನು ಅಳೆಯಿರಿ, ಒಂದಕ್ಕೊಂದು ವ್ಯತ್ಯಾಸ ಇದ್ದೇ ಇರುತ್ತದೆ. ಉದ್ದದ ಜೊತೆಗೆ ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ಬುಡದವರೆಗೆ ದರ್ಜಿಯ ಟೇಪಿನಿಂದ ಸುತ್ತಳತೆ, ಪಾದದ ಮೇಲ್ಭಾಗದ ಎತ್ತರದ ಜಾಗದಲ್ಲಿ ಇನ್ನೊಂದು ಸುತ್ತಳತೆ. ಈ ಮೂರನ್ನೂ ಮಾರುವವರಿಗೆ ಕಳುಹಿಸಿ ಕೇಳಿ. ಉತ್ತರ ಕೊಡಲು ಮನಸ್ಸಿಲ್ಲದವರ ಬಳಿ ಕೊಳ್ಳಬೇಡಿ. ವಿದೇಶದಿಂದ ತರಿಸಿದ ಮೇಲೆ ಅಳತೆ ತಪ್ಪಿದರೆ ಹಿಂದಿರುಗಿಸುವ ಖರ್ಚು ನಿಮ್ಮ ತಲೆಯ ಮೇಲೆಯೇ ಬೀಳುತ್ತದೆ.

ಹಾಕಿ ನೋಡುವಾಗ ಎಷ್ಟು ಬಿಗಿ ಇರಬೇಕು? ಇದನ್ನು ಮಾತಿನಲ್ಲಿ ಹೇಳುವುದು ಕಷ್ಟವೆಂದು ನನಗೆ ಬಹಳ ಕಾಲ ಅನಿಸಿತ್ತು. ಒಮ್ಮೆ ಜಾತ್ರೆಯಲ್ಲಿ ಬಳೆ ತೊಡಿಸಿಕೊಳ್ಳುತ್ತಾ ಕುಳಿತಾಗ ಉತ್ತರ ಕೈಗೇ ಸಿಕ್ಕಿತು. ಒಳ್ಳೆಯ ಬಳೆಗಾರ್ತಿ ಅಳತೆಪಟ್ಟಿ ನೋಡುವುದಿಲ್ಲ. ಕೈಯನ್ನು ತನ್ನ ಅಂಗೈಯಲ್ಲಿ ಹಿಡಿದು ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಒಮ್ಮೆ ಒತ್ತಿ, ಎರಡು-ನಾಲ್ಕು ಎಂದೋ ಎರಡು-ಆರು ಎಂದೋ ಹೇಳಿಬಿಡುತ್ತಾಳೆ. ಗಾಜಿನ ಬಳೆ ಬೆರಳಿನ ಗಂಟು ದಾಟುವಾಗ ಚರ್ಮವನ್ನು ಸ್ವಲ್ಪ ನೋಯಿಸುತ್ತದೆ, ಸಾಬೂನು ಬೇಕಾಗುತ್ತದೆ. ದಾಟಿ ಮಣಿಕಟ್ಟಿಗೆ ಬಂದ ಮೇಲೆ ನೋವಿಲ್ಲ, ತಾನಾಗಿ ಕಳಚಿ ಬೀಳುವುದೂ ಇಲ್ಲ. ಫುಟ್‌ಪಾಕೆಟ್ ಹಿಮ್ಮಡಿ ದಾಟಬೇಕಾದದ್ದು ಹಾಗೆಯೇ. ಒಣಗಿದ ಕಾಲನ್ನು ಒಣಗಿದ ರಬ್ಬರಿಗೆ ತುರುಕಬೇಡಿ. ಎರಡನ್ನೂ ಒದ್ದೆ ಮಾಡಿ, ಬೇಕಾದರೆ ಒಂದೆರಡು ಹನಿ ಶಾಂಪೂ ಹಾಕಿ. ಹಿಮ್ಮಡಿ ದಾಟುವಾಗ ತುಸು ಹೋರಾಟ, ಕುಳಿತ ಮೇಲೆ ಶಾಂತಿ. ದಾಟುವಾಗಲೇ ಸಲೀಸಾಗಿ ಜಾರಿಕೊಂಡಿತೋ, ಅದು ದೊಡ್ಡದು.

ಕುಳಿತ ಮೇಲೆ ನೋಡಬೇಕಾದದ್ದು ಇನ್ನೂ ಇದೆ. ಕುರ್ಚಿಯಲ್ಲಿ ಕುಳಿತು ಕಾಲು ಚಾಚಿ, ಮನೆಯವರೊಬ್ಬರಿಗೆ ಬ್ಲೇಡಿನ ಮಧ್ಯ ಹಿಡಿಯಲು ಹೇಳಿ. ಈಗ ಹಿಮ್ಮಡಿಯನ್ನು ಎತ್ತಲು ನೋಡಿ. ಎದ್ದರೆ ನೀರಿನಲ್ಲಿ ಇನ್ನೂ ಹೆಚ್ಚು ಏಳುತ್ತದೆ. ಪಾದವನ್ನು ಎಡಕ್ಕೆ ಬಲಕ್ಕೆ ತಿರುಗಿಸಿ. ಪಾದ ತಿರುಗಿದಷ್ಟೇ ಬ್ಲೇಡೂ ತಿರುಗಬೇಕು, ಒಳಗೆ ಪಾದ ಮಾತ್ರ ಹೊರಳಬಾರದು. ಬೆರಳುಗಳು ನೇರವಾಗಿ ಮಲಗಿರಲಿ. ಮುಂದೆ ಬಾಯಿ ತೆರೆದಿರುವ ಮಾದರಿಯಾದರೆ ಬೆರಳ ತುದಿ ಸ್ವಲ್ಪ ಇಣುಕಿದರೆ ತೊಂದರೆಯಿಲ್ಲ. ಪಾದದ ಮೇಲ್ಭಾಗಕ್ಕೂ ರಬ್ಬರಿಗೂ ನಡುವೆ ಬೆರಳು ತೂರುವಷ್ಟು ಜಾಗವಿದ್ದರೆ ಅಲ್ಲಿ ನೀರು ನಿಂತು, ಪ್ರತಿ ಒದೆತಕ್ಕೂ ಪಚಪಚ ಸದ್ದು ಮಾಡುತ್ತಾ ನಿಮ್ಮ ಬಲವನ್ನು ತಿನ್ನುತ್ತದೆ.

ಆಮೇಲೆ ಇಪ್ಪತ್ತು ನಿಮಿಷ ಹಾಗೆಯೇ ಕುಳಿತಿರಿ. ಪುಸ್ತಕ ಓದಿ, ಫೋನಿನಲ್ಲಿ ಮಾತನಾಡಿ. ಬೆರಳು ಜೋಮು ಹಿಡಿದರೆ ಅಲ್ಲಿಗೇ ಬಿಟ್ಟುಬಿಡಿ. ಹಿಡಿಯದಿದ್ದರೆ ಇಪ್ಪತ್ತು ನಿಮಿಷದ ನಂತರ ಫಿನ್ನನ್ನೂ ಸಾಕ್ಸನ್ನೂ ತೆಗೆದು ಪಾದವನ್ನು ಬೆಳಕಿನಲ್ಲಿ ನೋಡಿ. ಪಾದದ ಸುತ್ತ ಒಂದೇ ಸಮನಾಗಿ ಹರಡಿದ ತಿಳಿಗೆಂಪು ಕಂಡರೆ ಒಳ್ಳೆಯದು, ರಬ್ಬರ್ ಎಲ್ಲ ಕಡೆ ಸಮನಾಗಿ ಹಿಡಿದಿದೆ. ಹೆಬ್ಬೆರಳಿನ ಗಂಟಿನ ಮೇಲೋ, ಕಿರುಬೆರಳಿನ ಪಕ್ಕದಲ್ಲೋ, ಹಿಮ್ಮಡಿಯ ಮೇಲಿನ ನರದ ಬಳಿಯೋ ಕುಂಕುಮದ ಬೊಟ್ಟಿನಂತೆ ಗಾಢವಾಗಿ ಒಂದು ಚುಕ್ಕೆ ಎದ್ದಿದ್ದರೆ ಸಮುದ್ರದಲ್ಲಿ ಮೊದಲ ದಿನವೇ ಅಲ್ಲಿ ಬೊಬ್ಬೆ ಏಳುತ್ತದೆ, ಉಪ್ಪುನೀರು ತಾಗಿದರೆ ಎರಡನೆಯ ದಿನ ಡೈವ್ ಮಾಡುವ ಮಾತೇ ಇಲ್ಲ. ಅಗಲ ಪಾದದವರಿಗೆ ಈ ಚುಕ್ಕೆ ಹೆಚ್ಚಾಗಿ ಕಿರುಬೆರಳಿನ ಪಕ್ಕದಲ್ಲಿಯೇ ಬರುತ್ತದೆ. ಆಗ ಉದ್ದದಲ್ಲಿ ದೊಡ್ಡ ಅಳತೆಗೆ ಹೋಗುವುದು ಎಲ್ಲರೂ ಮಾಡುವ ತಪ್ಪು. ಅದೇ ಅಳತೆಯಲ್ಲಿ ಬೇರೆ ಕಂಪನಿಯ ಅಚ್ಚನ್ನು ಹಾಕಿ ನೋಡಿ, ಮೇಲ್ಭಾಗದ ರಬ್ಬರ್ ಮೆದುವಾಗಿ ಹಿಗ್ಗುವಂಥದ್ದನ್ನು ಹುಡುಕಿ. ತಳ ಗಟ್ಟಿಯಾಗಿಯೂ ಮೇಲ್ಭಾಗ ಮೆದುವಾಗಿಯೂ ಇರುವ, ಎರಡು ಬಗೆಯ ರಬ್ಬರಿನಿಂದ ಮಾಡಿದ ಫುಟ್‌ಪಾಕೆಟ್‌ಗಳು ನಮ್ಮಂಥ ಪಾದಗಳಿಗೆ ಚೆನ್ನಾಗಿ ಒಗ್ಗುತ್ತವೆ.

ಕಾಲುಂಗುರದ ಪ್ರಶ್ನೆಯನ್ನು ಹೊರನಾಡಿನ ತರಬೇತುದಾರರು ಯಾರೂ ಎತ್ತುವುದಿಲ್ಲ, ಅವರಿಗೆ ಅದು ಎದುರಾಗಿಯೇ ಇಲ್ಲ. ನೀವು ಕೇಳಿದ್ದು ನನಗೆ ಸಂತೋಷ. ಎರಡನೆಯ ಬೆರಳಿನ ಬೆಳ್ಳಿಯುಂಗುರ ಫುಟ್‌ಪಾಕೆಟ್‌ನೊಳಗೆ ಪಕ್ಕದ ಬೆರಳಿಗೆ ಒತ್ತುತ್ತದೆ, ಒದೆಯುವಾಗ ತಿರುಗಿ ಅದರ ಬಾಯಿ ಚರ್ಮಕ್ಕೆ ಚುಚ್ಚುತ್ತದೆ, ಸಾಕ್ಸನ್ನೂ ಹರಿಯುತ್ತದೆ. ನನ್ನ ಸಲಹೆ, ಡೈವ್ ದಿನಗಳಲ್ಲಿ ತೆಗೆದಿಡಿ. ತೆಗೆಯಲು ಮನಸ್ಸು ಒಪ್ಪದವರೂ ಇದ್ದಾರೆ, ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ಅಂಥವರು ಕೆತ್ತನೆಯಿಲ್ಲದ ತೆಳುವಾದ ಉಂಗುರಕ್ಕೆ ಬದಲಾಯಿಸಿ, ಅದರ ಮೇಲೆ ಅಂಟುಪಟ್ಟಿ ಸುತ್ತಿ, ಮೇಲೆ ಸಾಕ್ಸ್ ಹಾಕಿಕೊಳ್ಳಲಿ. ಆದರೆ ಕಾಲ್ಗೆಜ್ಜೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ತೇಲುಬುರುಡೆಯಿಂದ ಆಳಕ್ಕೆ ಇಳಿಬಿಟ್ಟ ಹಗ್ಗದ ಪಕ್ಕದಲ್ಲೇ ಇಳಿದು ಏರುವವರ ಕಾಲಿನಲ್ಲಿ ಸಿಕ್ಕಿಕೊಳ್ಳುವ ಯಾವ ಸರಪಳಿಯೂ ಇರಬಾರದು. ಉಗುರನ್ನು ಎರಡು ದಿನ ಮೊದಲೇ ನೇರವಾಗಿ ಕತ್ತರಿಸಿ. ಹಿಂದಿನ ರಾತ್ರಿ ಕತ್ತರಿಸಿದರೆ ಮೊನೆ ಉಳಿದು ಚುಚ್ಚುತ್ತದೆ.

ಇನ್ನು ಬ್ಲೇಡ್. ಕಾಲಿಗೆ ಬಲ ಬರಲಿ ಎಂದು ಗಡಸು ಬ್ಲೇಡ್ ಹೇಳಿದವರ ಮಾತನ್ನು ನಾನು ಒಪ್ಪುವುದಿಲ್ಲ. ಬ್ಲೇಡ್ ಕೆಲಸ ಮಾಡುವುದು ಬಾಗಿ, ಮತ್ತೆ ನೇರವಾಗುವಾಗ ನೀರನ್ನು ಹಿಂದಕ್ಕೆ ತಳ್ಳುವುದರಿಂದ. 80 ಕಿಲೋ ತೂಕದ ಗಂಡಸಿನ ತೊಡೆಗೆ ಬಾಗುವ ಬ್ಲೇಡ್ 52 ಕಿಲೋದವರ ಕಾಲಿಗೆ ಬಾಗುವುದಿಲ್ಲ. ಬ್ಲೇಡ್ ಬಾಗದಿದ್ದರೆ ಮಂಡಿ ಬಾಗುತ್ತದೆ, ಸೈಕಲ್ ತುಳಿದಂತೆ ಕಾಲು ಆಡುತ್ತದೆ, ಮುಂದಕ್ಕೆ ಹೋಗುವುದು ಕಡಿಮೆಯಾಗಿ ದಣಿವು ಹೆಚ್ಚುತ್ತದೆ. ಒಂದೇ ಉಸಿರಿನ ಆಮ್ಲಜನಕದಲ್ಲಿ ಎಲ್ಲವನ್ನೂ ನಡೆಸಬೇಕಾದವರಿಗೆ ತೊಡೆಯ ಈ ಉರಿ ತುಂಬಾ ದುಬಾರಿ. ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ ಹೇನ್ಯೊ ಎಂದು ಕರೆಯುವ ಹೆಂಗಸರು ತಲೆಮಾರುಗಳಿಂದ ಉಸಿರು ಹಿಡಿದು ಮುಳುಗಿ ಚಿಪ್ಪುಜೀವಿಗಳನ್ನೂ ಕಡಲಪಾಚಿಯನ್ನೂ ತರುತ್ತಾರೆ. 2016ರಲ್ಲಿ ಯುನೆಸ್ಕೊ ಅವರ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂದು ಅವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು, ಕಾಲಿಗೆ ಹಾಕುವುದು ಸಾದಾ ರಬ್ಬರಿನ ಗಿಡ್ಡ ಫಿನ್. ಗಡಸು ಬ್ಲೇಡ್ ಇಲ್ಲದೆಯೇ ಅವರು ದಿನಕ್ಕೆ ಹತ್ತಾರು ಸಲ ಇಳಿದೇಳುತ್ತಾರೆ.

ನಿಮಗೆ ಮೆದು ಬ್ಲೇಡ್ ಸರಿ. ಒಂದು ಎಚ್ಚರಿಕೆ ಏನೆಂದರೆ ಮೆದು, ಮಧ್ಯಮ, ಗಡಸು ಎನ್ನುವ ಹೆಸರುಗಳಿಗೆ ಎಲ್ಲ ಕಂಪನಿಗಳಿಗೂ ಸಮನಾದ ಅಳತೆಗೋಲಿಲ್ಲ. ಒಬ್ಬರ ಮೆದು ಇನ್ನೊಬ್ಬರ ಮಧ್ಯಮವಾಗಿರಬಹುದು. ನಿಮ್ಮ ತೂಕ ಹೇಳಿ, ಆ ತೂಕದವರಿಗೆ ಅವರು ಯಾವುದನ್ನು ಕೊಡುತ್ತಾರೆಂದು ಕೇಳಿ. ನೀರಿನಲ್ಲಿ ತಿಳಿಯುವ ಗುರುತೂ ಇದೆ. ಮೇಲ್ಮಟ್ಟದಿಂದ ಮುಳುಗುವ ಮೊದಲ ಹತ್ತು ಮೀಟರಿನಲ್ಲಿ ದೇಹ ಇನ್ನೂ ತೇಲಲು ನೋಡುತ್ತಿರುತ್ತದೆ. ಅಲ್ಲಿ ಸೊಂಟದಿಂದ ಹೊರಟ ಒದೆತಕ್ಕೆ ಬ್ಲೇಡ್ ನಿಧಾನವಾಗಿ ಬಾಗಿ ನಿಮ್ಮನ್ನು ಒಯ್ದರೆ ಅದು ನಿಮ್ಮದು. ಉಸಿರಿನ ಆಸೆಗೆ ಮೊದಲೇ ತೊಡೆ ಉರಿದರೆ ಗಡಸು. ಬ್ಲೇಡ್ ಬಟ್ಟೆಯಂತೆ ಪಟಪಟ ಆಡುತ್ತಿದ್ದರೆ ಮೆದು ಹೆಚ್ಚಾಯಿತು. ಮೇಲೇರುವಾಗ ಮಾತ್ರ ಬಲ ಸಾಲದು ಎನಿಸಿದರೆ ಬ್ಲೇಡನ್ನು ದೂರುವ ಮೊದಲು, ಮುಳುಗಲು ನೆರವಾಗಲೆಂದು ಸೊಂಟಕ್ಕೆ ಕಟ್ಟುವ ಸೀಸದ ಪಟ್ಟಿಯನ್ನು ನೋಡಿ. ಒಂದು ಕಿಲೋ ಹೆಚ್ಚು ಕಟ್ಟಿಕೊಂಡರೆ ಯಾವ ಬ್ಲೇಡೂ ಸೋತಂತೆ ಕಾಣುತ್ತದೆ. ಹತ್ತು ಮೀಟರಿನ ಆಸುಪಾಸಿನಲ್ಲಿ ತೇಲದೆ ಮುಳುಗದೆ ನಿಲ್ಲುವಷ್ಟೇ ಸೀಸ ಇರಲಿ.

ಕಾರ್ಬನ್ ಒಳ್ಳೆಯದೇ. ಹಗುರ, ಚುರುಕು. ಆದರೆ ಪ್ಲಾಸ್ಟಿಕ್‌ಗಿಂತ ಹಲವು ಪಟ್ಟು ದುಬಾರಿ, ಬಂಡೆಗೆ ತಗುಲಿದರೆ ಅಂಚು ಒಡೆಯುತ್ತದೆ. ದೋಣಿಯ ತಳದಲ್ಲಿ ಯಾರೋ ಸೀಸದ ಪಟ್ಟಿ ಕೈಬಿಟ್ಟರೂ ಸಾಕು. ನನ್ನ ಆಯ್ಕೆ ನಿಮಗೆ ಫೈಬರ್‌ಗ್ಲಾಸ್. ಪ್ಲಾಸ್ಟಿಕ್‌ಗಿಂತ ಚುರುಕಾಗಿ ನೇರವಾಗುತ್ತದೆ, ಕಾರ್ಬನ್ನಿಗಿಂತ ಪೆಟ್ಟು ತಡೆಯುತ್ತದೆ, ಬೆಲೆ ನಡುವೆ. ಹಣ ಕಡಿಮೆಯಿದ್ದರೆ ಸರಿಯಾದ ಫುಟ್‌ಪಾಕೆಟ್ ಇರುವ ಪ್ಲಾಸ್ಟಿಕ್ ಫಿನ್ ಕೊಳ್ಳಿ. ತಪ್ಪು ಫುಟ್‌ಪಾಕೆಟ್‌ನ ಕಾರ್ಬನ್‌ಗಿಂತ ಅದು ಎಷ್ಟೋ ಮೇಲು. ಬ್ಲೇಡನ್ನೂ ಫುಟ್‌ಪಾಕೆಟನ್ನೂ ಸ್ಕ್ರೂ ಬಿಚ್ಚಿ ಬೇರ್ಪಡಿಸಬಹುದಾದ ಮಾದರಿ ಸಿಕ್ಕರೆ ಅದನ್ನೇ ಹಿಡಿಯಿರಿ. ಕಾಲಿಗೆ ಒಗ್ಗಿದ ಫುಟ್‌ಪಾಕೆಟ್ ಉಳಿಸಿಕೊಂಡು ಎರಡು ವರ್ಷದ ನಂತರ ಬ್ಲೇಡನ್ನು ಮಾತ್ರ ಬದಲಾಯಿಸಬಹುದು.

36–37 ಸಿಗದೇ ಹೋದರೆ, ಅಥವಾ ಇದ್ದದ್ದರಲ್ಲಿ ಹಿಮ್ಮಡಿ ಸ್ವಲ್ಪ ಸಡಿಲ ಎನಿಸಿದರೆ, ಪಾದಕ್ಕೂ ಹಿಮ್ಮಡಿಗೂ ಸುತ್ತುವ ವೈ ಆಕಾರದ ರಬ್ಬರ್ ಪಟ್ಟಿ ಸಿಗುತ್ತದೆ. ಫಿನ್ ಕಳಚಿ ಹೋಗದಂತೆ ಅದು ತಡೆಯುತ್ತದೆ. ಒಳಗಿನ ಜಾಗವನ್ನು ಮಾತ್ರ ತುಂಬುವುದಿಲ್ಲ, ಹಾಗಾಗಿ ಇಡೀ ಒಂದು ಅಳತೆಯ ವ್ಯತ್ಯಾಸಕ್ಕೆ ಅದು ಮದ್ದಲ್ಲ.

ತಂದ ಮೇಲೆ ಮೊದಲ ಬಾರಿ ಸಮುದ್ರಕ್ಕೆ ಹೋಗಬೇಡಿ. ಉದ್ದ ಫಿನ್‌ಗೆ ಒಪ್ಪುವ ಈಜುಕೊಳವನ್ನು ಕೇಳಿ ಹುಡುಕಿ, ಮೇಲ್ಮಟ್ಟದಲ್ಲೇ ಸ್ನಾರ್ಕಲ್ ಹಾಕಿಕೊಂಡು ಅರ್ಧ ಗಂಟೆ ನಿಧಾನವಾಗಿ ಒದೆಯಿರಿ. ದೇಹಕ್ಕೂ ರಬ್ಬರಿಗೂ ಪರಿಚಯವಾಗಲಿ. ಅಲ್ಲಿಯೂ ಒಬ್ಬರೇ ಉಸಿರು ಹಿಡಿದು ಮುಳುಗಬೇಡಿ, ಎಷ್ಟು ಕಡಿಮೆ ಆಳವಾದರೂ ಸರಿ. ಜೊತೆಗಾರರಿಲ್ಲದೆ ಉಸಿರು ಹಿಡಿಯುವುದು ಈ ಆಟದಲ್ಲಿ ಇಲ್ಲ.

12 ಮೀಟರಿನಲ್ಲಿ ಅಂಗಾಲು ಹಿಡಿದಾಗ ಹೆದರಿದೆ ಎಂದು ಬರೆದಿದ್ದೀರಿ. ಹೊಸ ಫಿನ್ ಬಂದ ಮೇಲೂ ಎಂದಾದರೂ ಹಾಗಾದರೆ ಏನು ಮಾಡಬೇಕೆಂದು ಈಗಲೇ ತಿಳಿದಿರಲಿ. ಒದೆಯುವುದನ್ನು ನಿಲ್ಲಿಸಿ. ಹಗ್ಗ ಪಕ್ಕದಲ್ಲೇ ಇರುತ್ತದೆ, ಅದನ್ನು ಹಿಡಿದು ಕೈಗಳಿಂದ ಎಳೆದುಕೊಂಡು ಮೇಲೆ ಬನ್ನಿ. ಹತ್ತು ಮೀಟರಿಗಿಂತ ಮೇಲಕ್ಕೆ ಬಂದ ನಂತರ ದೇಹವೇ ತೇಲಿಸುತ್ತದೆ. ಕೈ ಸೋತಿತು ಎನಿಸಿದರೆ ಸೀಸದ ಪಟ್ಟಿಯ ಬಕಲ್ ಬಿಚ್ಚಿ ಬಿಟ್ಟುಬಿಡಿ, ಸೀಸ ಮತ್ತೆ ಕೊಳ್ಳಬಹುದು. ಮೇಲೆ ಬಂದು ತೇಲುಬುರುಡೆ ಹಿಡಿದು ಮೊದಲು ಉಸಿರಾಡಿ, ಜೊತೆಗಾರರಿಗೆ ಸನ್ನೆ ಮಾಡಿ. ಆಮೇಲೆ ಮಂಡಿ ನೇರ ಮಾಡಿ, ಬ್ಲೇಡಿನ ತುದಿಯನ್ನು ಕೈಯಿಂದ ಹಿಡಿದು ನಿಮ್ಮ ಕಡೆಗೆ ಎಳೆದುಕೊಳ್ಳಿ. ಉದ್ದ ಬ್ಲೇಡ್ ಸನ್ನೆಕೋಲಿನಂತೆ ಅಂಗಾಲನ್ನೂ ಮೀನಖಂಡವನ್ನೂ ಹಿಗ್ಗಿಸುತ್ತದೆ, ಅರ್ಧ ನಿಮಿಷದಲ್ಲಿ ಗಂಟು ಬಿಡುತ್ತದೆ. ಆ ದಿನ ಆ ಕಾಲಿನಲ್ಲಿ ಮತ್ತೆ ಆಳಕ್ಕೆ ಹೋಗಬೇಡಿ.

ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಕಾರಿನ ಡಿಕ್ಕಿಯ ಬಿಸಿಯಲ್ಲಿ ಬಿಟ್ಟರೆ ರಬ್ಬರ್ ಗಡಸಾಗುತ್ತದೆ, ಬ್ಲೇಡಿನ ತುದಿಯ ಮೇಲೆ ನಿಲ್ಲಿಸಿಟ್ಟರೆ ಪ್ಲಾಸ್ಟಿಕ್ ಬಾಗಿಯೇ ಉಳಿಯುತ್ತದೆ. ಅಗಲವಾಗಿ ಮಲಗಿಸಿ, ಫುಟ್‌ಪಾಕೆಟ್‌ನೊಳಗೆ ಹಳೆಯ ಪತ್ರಿಕೆಯ ಉಂಡೆ ತುರುಕಿಡಿ. ಆಕಾರ ಕೆಡದಿದ್ದರೆ ಮುಂದಿನ ಚಳಿಗಾಲಕ್ಕೂ ಅದು ನಿಮ್ಮ ಪಾದದ ಅಳತೆಗೇ ಇರುತ್ತದೆ.